ಹೆಪ್ಪು ಹಾಕಿದ ಬಾಯಿ

"ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಊರಿಗೆ ಊರೇ ಹೇಳಿಕೊಂಡು ತಿರುಗುವ ಹಬ್ಬದ ದಿನ, ಎಳ್ಳನ್ನೂ ಮುಟ್ಟದೆ, ಬೆಲ್ಲವನ್ನೂ ಮುಟ್ಟದೆ, ಒಳ್ಳೆಯದು ಹಾಗಿರಲಿ ಒಂದು ಕೆಟ್ಟ ಮಾತನ್ನಾದರೂ ಆಡಲಾಗದೆ, ಬಲಗೆನ್ನೆಯನ್ನು ಬನ್ನಿನಷ್ಟು ಊದಿಸಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ ಗಂಡಸೊಬ್ಬನನ್ನು ನೀವು ಮೈಸೂರಿನ ಕುವೆಂಪುನಗರದಲ್ಲಿ ಕಂಡಿದ್ದರೆ, ಅವನು ನಾನೇ. ನೀವು ಮಾತಾಡಿಸಿದಿರಿ. ನಾನು ತಲೆ ಅಲ್ಲಾಡಿಸಿದೆ. "ಮೇಷ್ಟ್ರಿಗೆ ಈಚೆಗೆ ಜಂಬ" ಅಂದುಕೊಂಡು ಹೋದಿರಿ. ಜಂಬವಲ್ಲ ಸ್ವಾಮಿ, ಹೊಲಿಗೆ.

ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ದಿನಕ್ಕೆ 6 ಪೀರಿಯಡ್ಡು, ಒಂದೊಂದು 40 ನಿಮಿಷ. ಅಲ್ಲಿಗೆ 4 ಗಂಟೆ ಸಂಬಳಕ್ಕೆ ಆಡುವ ಮಾತು. ಸಂಬಳವಿಲ್ಲದೆ ಆಡುವುದರ ಲೆಕ್ಕ ನನ್ನ ಹೆಂಡತಿಯ ಹತ್ತಿರ ಇದೆ, ಕೇಳಿದವರಿಗೆಲ್ಲ ಕೊಡುತ್ತಾಳೆ. ಇಂಥ ದುಡಿಯುವ ಬಾಯಿಯ ಮೂಲೆಯಲ್ಲಿ, ಬಲಗಡೆ ಕೆಳದವಡೆಯ ತುದಿಯಲ್ಲಿ, ಒಂದು ಹಲ್ಲು ಮೂವತ್ತು ವರ್ಷದಿಂದ ಮೂಳೆಯೊಳಗೇ ಅಡ್ಡ ಮಲಗಿತ್ತು. ಅದನ್ನು ಬುದ್ಧಿಹಲ್ಲು ಅನ್ನುತ್ತಾರೆ. 17ರಿಂದ 25 ವಯಸ್ಸಿನೊಳಗೆ ಹುಟ್ಟುತ್ತದೆ, ಅಷ್ಟು ಹೊತ್ತಿಗೆ ಮನುಷ್ಯನಿಗೆ ಬುದ್ಧಿ ಬಂದಿರುತ್ತದೆ ಅನ್ನುವ ನಂಬಿಕೆಯ ಮೇಲೆ ಇಟ್ಟ ಹೆಸರು. ಆ ವಯಸ್ಸಿನ ಹುಡುಗರಿಗೆ ಒಂದು ದಿನ ಪಾಠ ಹೇಳಿದವರು ಯಾರೂ ಈ ಹೆಸರು ಇಟ್ಟಿರಲಾರರು. ಜಪಾನಿನವರೇ ವಾಸಿ. ಅವರು 'ಓಯಶಿರಾಜು' ಅನ್ನುತ್ತಾರೆ, ಅಪ್ಪ ಅಮ್ಮನಿಗೆ ಗೊತ್ತಿಲ್ಲದ್ದು ಅಂತ ಅರ್ಥ. ಇಪ್ಪತ್ತು ದಾಟಿದ ಮಗನ ಬಾಯಲ್ಲಿ ಏನಿದೆ ಅಂತ ಹೆತ್ತವರಿಗೆ ಹೇಗೆ ಗೊತ್ತಾಗಬೇಕು! ಕೊರಿಯಾದವರಿಗೆ ಅದು ಪ್ರೇಮದ ಹಲ್ಲು. ನನ್ನದಕ್ಕೆ ಈ ಮೂರರಲ್ಲಿ ಯಾವ ಹೆಸರೂ ಹೊಂದುತ್ತಿರಲಿಲ್ಲ. ಅದು ರಸ್ತೆಗೆ ಅಡ್ಡ ಮಲಗಿದ ಎಮ್ಮೆ. ತಾನೂ ಏಳದು, ಪಕ್ಕದ ದವಡೆಹಲ್ಲನ್ನು ಗುದ್ದುವುದನ್ನೂ ಬಿಡದು.

ಎಕ್ಸ್‌ರೇ ಹಿಡಿದು ನೋಡಿದ ಡಾಕ್ಟರು, "ಒಸಡು ಕುಯ್ದು, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನ ಎರಡು ಹೋಳು ಮಾಡಿ ತೆಗೀಬೇಕು ಸಾರ್" ಅಂದಳು. ಡಾಕ್ಟರಿಗೆ ಏಕವಚನವೇ ಅಂತ ಹುಬ್ಬೇರಿಸಬೇಡಿ. ಆಕೆ ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೇ ತರಗತಿ, ಸಿ ಸೆಕ್ಷನ್ನು, ಎರಡನೇ ಬೆಂಚು. ಮೇಷ್ಟ್ರು ಸ್ಟಾಫ್ ರೂಮಿಗೆ ಹೋದಾಗ ಕ್ಲಾಸ್ ಲೀಡರು ಬೋರ್ಡಿನ ಮೇಲೆ 'ಮಾತಾಡಿದವರು' ಅಂತ ಹೆಸರು ಬರೆಯುತ್ತಾನಲ್ಲ, ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದೊಂದೇ ಇಂಟು ಮಾರ್ಕು ಸೇರಿಸುತ್ತಾನಲ್ಲ, ಆ ಪಟ್ಟಿಯಲ್ಲಿ ಈಕೆಯದು ಕಾಯಂ ಹೆಸರು. ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ನನಗೆ ಮರೆತಿತ್ತು. ಆಕೆಗೆ ಮರೆತಿರಲಿಲ್ಲ.

"ಒಂದು ವಾರ ಹುಷಾರಾಗಿರಬೇಕು ಸಾರ್. ಅದರಲ್ಲೂ ಮೊದಲನೇ ದಿನ ಮಾತು ಬೇಡ್ವೇ ಬೇಡ. ಆಮೇಲೂ ಬೇಕಾದಷ್ಟೇ, ಮೆಲ್ಲಗೆ."

ನನ್ನ ಹೆಂಡತಿ ಕುರ್ಚಿಯಿಂದ ಅರ್ಧ ಎದ್ದಳು. "ಡಾಕ್ಟ್ರೇ, ಅದನ್ನ ಚೀಟೀಲಿ ಬರೆದುಕೊಡ್ತೀರಾ?"

ಬರೆದುಕೊಟ್ಟಳು. ಮಾತ್ರೆಗಳ ಹೆಸರಿಗಿಂತ ಮೇಲೆ, ದಪ್ಪಕ್ಷರದಲ್ಲಿ.

ಜನವರಿ 12ರ ಬೆಳಿಗ್ಗೆ ನನ್ನನ್ನು ಆ ಉದ್ದನೆಯ ಕುರ್ಚಿಯಲ್ಲಿ ಒರಗಿಸಿದರು. ಸೂಜಿಯಲ್ಲಿ ಲಿಗ್ನೋಕೇನು. 1943ರಲ್ಲಿ ಸ್ವೀಡನ್ನಿನಲ್ಲಿ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದ ಮದ್ದು. ಅದಕ್ಕೆ ಮೊದಲು, 1880ರ ದಶಕದಲ್ಲಿ, ದವಡೆಯ ನರಕ್ಕೆ ಕೊಕೇನನ್ನೇ ಚುಚ್ಚಿ ನೋಡುತ್ತಿದ್ದರಂತೆ. ಆ ಪ್ರಯೋಗಗಳನ್ನು ನಡೆಸಿದ ಹಾಲ್‌ಸ್ಟೆಡ್ ಎಂಬ ಅಮೆರಿಕದ ಸರ್ಜನ್ನು ಕೊನೆಗೆ ತಾನೇ ಅದರ ಚಟಕ್ಕೆ ಬಿದ್ದ. ನಾನು ಆ ಕಾಲದಲ್ಲಿ ಹುಟ್ಟಲಿಲ್ಲವಲ್ಲ ಅಂತ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಬಲಗಡೆಯ ಅರ್ಧ ತುಟಿ, ಅರ್ಧ ನಾಲಿಗೆ ಮರಗಟ್ಟಿದವು. ಮುಂದಿನ ಮುಕ್ಕಾಲು ಗಂಟೆಯ ಬಗ್ಗೆ ಹೇಳುವಂಥದ್ದೇನಿಲ್ಲ. ನೋವಿರಲಿಲ್ಲ, ಸದ್ದಿತ್ತು. ತೆಂಗಿನಕಾಯಿ ತುರಿಯುವ ಸದ್ದನ್ನು ತುರಿಮಣೆಯ ಜಾಗದಲ್ಲಿ ಕೂತು ಕೇಳಿದರೆ ಹೇಗಿರುತ್ತದೋ ಹಾಗೆ.

ಎಲ್ಲ ಮುಗಿದು ಹೊಲಿಗೆ ಬಿದ್ದ ಮೇಲೆ ಡಾಕ್ಟರು, "ಗಾಜ್ ಕಚ್ಚಿಕೊಂಡಿರಿ ಸಾರ್, ಒಂದು ಗಂಟೆ" ಅಂದಳು. ಹೊರಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ ಓಡಿ ಬಂದಳು. "ಗಾಜು ಕಚ್ಚೋದಾ! ಯಾಕ್ರೀ?" ಪುಣ್ಯಕ್ಕೆ ಅದು ಮಡಿಸಿದ ತೆಳು ಬಟ್ಟೆ. ನಗಬೇಕು ಅನ್ನಿಸಿತು. ಮುಖದ ಎಡಭಾಗ ನಕ್ಕಿತು, ಬಲಭಾಗ ಹಾಗೇ ಇತ್ತು.

ಇಲ್ಲಿಂದ ಮುಂದಿನ ಮೂರು ಗಂಟೆಗಳಲ್ಲಿ ನಾನು ಕಲಿತ ವ್ಯಾಕರಣವನ್ನು 26 ವರ್ಷದ ನೌಕರಿಯಲ್ಲಿ ಕಲಿಸಿಲ್ಲ. ವರ್ಗೀಯ ವ್ಯಂಜನಗಳು ಎಷ್ಟು ಅಂದರೆ 25 ಅಂತ ಹುಡುಗರು ಗಿಳಿಯ ಹಾಗೆ ಒಪ್ಪಿಸುತ್ತಾರೆ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ. ಯಾವ ಅಕ್ಷರ ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ ಅಂತ 13ನೆಯ ಶತಮಾನದಲ್ಲೇ ಕೇಶಿರಾಜ ಲೆಕ್ಕ ಹಾಕಿಟ್ಟಿದ್ದಾನೆ. ಅದು ಎಷ್ಟು ನಿಜ ಅನ್ನುವುದು ತಿಳಿಯಬೇಕಾದರೆ ಬಾಯಿಗೆ ಸೂಜಿ ಹಾಕಿಸಿಕೊಳ್ಳಬೇಕು. ತುಟಿ ಸತ್ತಿತ್ತು, ಹಾಗಾಗಿ ಪ ಫ ಬ ಭ ಮ ಹೋದವು. ನಾಲಿಗೆ ತುದಿ ಅರ್ಧ ಸತ್ತಿತ್ತು, ತ ಥ ದ ಧ ನ ತೊದಲಿದವು. ನಾಲಿಗೆ ಮಡಿಸಲು ಬಾರದೆ ಟ ಠ ಡ ಢ ಣ ಎಲ್ಲ ಒಂದೇ ಮುದ್ದೆ. ಗಂಟಲ ಹತ್ತಿರದ ಕ-ವರ್ಗ ಒಂದೇ ಅಷ್ಟೋ ಇಷ್ಟೋ ನೆಟ್ಟಗಿತ್ತು, ಜೊತೆಗೆ ಹಕಾರ. ಕಾಗೆ, ಗೂಗೆ, ಹಗ್ಗ. ಇಷ್ಟು ಬಂಡವಾಳದಲ್ಲಿ ಸಂಸಾರ ನಡೆಸಲು ಆಗುತ್ತದೆಯೇ?

ಆಟೋದಲ್ಲಿ ಸುಮ್ಮನೆ ಕೂತಿರಬೇಕಿತ್ತು. ಕೂರಲಿಲ್ಲ. ದಾರಿಯಲ್ಲಿ ಹಣ್ಣಿನ ಗಾಡಿ ಕಂಡಿತು, ಮೆತ್ತಗಿನ ಹಣ್ಣು ತಿನ್ನಬಹುದು ಅಂದಿದ್ದರಲ್ಲ ಅಂತ ಹೆಂಡತಿಗೆ ಪಪ್ಪಾಯಿ ತೋರಿಸಿ ಹೇಳಿದೆ. ಬಾಯಿಂದ ಬಂದದ್ದು, "ಹಹ್ಹಾಯಿ."

"ಯಾಕ್ರೀ ನಗ್ತೀರಾ?"

"ಹಹ್ಹಾಯಿ! ಹಹ್ಹಾಯಿ!"

"ಮಂಪರು ಇಳಿದಿಲ್ಲ ಪಾಪ" ಅಂತ ಆಟೋದವನಿಗೆ ಹೇಳಿ ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ಪಪ್ಪಾಯಿ ಹಿಂದೆ ಉಳಿಯಿತು. ಆಗ ನನಗೆ ಹೊಳೆದದ್ದು ಇದು. ಹಳಗನ್ನಡದಲ್ಲಿ ಪಾಲು ಅಂದರೆ ಹಾಲು, ಪುಲಿ ಅಂದರೆ ಹುಲಿ, ಪಳ್ಳಿ ಅಂದರೆ ಹಳ್ಳಿ. ಹಲ್ಲೂ ಅಷ್ಟೇ, ಮೊದಲು ಅದು 'ಪಲ್'. ಪಕಾರ ಸವೆದು ಹಕಾರವಾಗಲು ಕನ್ನಡ ಶತಮಾನಗಟ್ಟಲೆ ತೆಗೆದುಕೊಂಡಿತು. ನನ್ನ ಬಾಯಲ್ಲಿ ಆ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿತ್ತು. ಹಳಗನ್ನಡ ಪಾಠ ಮಾಡುವಾಗ ಈ ಉದಾಹರಣೆ ಕೊಡಬೇಕು ಅಂದುಕೊಂಡು, ಅದನ್ನೂ ಅವಳಿಗೆ ಹೇಳಹೊರಟೆ. ಅವಳು ಡಾಕ್ಟರ ಚೀಟಿ ತೆಗೆದು ಮೂಗಿನ ಮುಂದೆ ಹಿಡಿದಳು.

ಮಾತು ಯಾಕೆ ಬೇಡ ಅನ್ನುವುದಕ್ಕೆ ಡಾಕ್ಟರು ಕೊಟ್ಟ ಕಾರಣ ಸರಳವಾದದ್ದು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಆ ಹೆಪ್ಪೇ ಕೆಳಗಿನ ಮೂಳೆಗೆ, ನರಕ್ಕೆ ಹೊದಿಕೆ. ಅದರ ಮೇಲೇ ಹೊಸ ಒಸಡು ಬೆಳೆಯುವುದು. ಮೊದಲ 24 ಗಂಟೆ ಅದು ಬಹಳ ನಾಜೂಕು. ಉಗಿದರೆ ಕಿತ್ತು ಬರಬಹುದು, ಬಾಯಿ ಮುಕ್ಕಳಿಸಿದರೆ ಬರಬಹುದು, ಸ್ಟ್ರಾ ಹಾಕಿ ಹೀರಿದರೆ, ಬೀಡಿ ಸಿಗರೇಟು ಎಳೆದರೆ ಬರಬಹುದು. ಮಾತಾಡುತ್ತ ಹೋದರೆ ನಾಲಿಗೆ, ಕೆನ್ನೆ, ದವಡೆ ಯಾವುದಕ್ಕೂ ಪುರುಸೊತ್ತಿಲ್ಲ. ಕಚ್ಚಿಕೊಂಡ ಬಟ್ಟೆ ಜರುಗುತ್ತದೆ, ನಿಂತ ರಕ್ತ ಮತ್ತೆ ಜಿನುಗುತ್ತದೆ. ನಾನು ಇದನ್ನು ವಿಜ್ಞಾನ ಅಂತ ಕೇಳಿಸಿಕೊಂಡೆ. ನನ್ನ ಹೆಂಡತಿಗೆ ಮಾತ್ರ ಅರ್ಧಕ್ಕೇ ಅರ್ಥವಾಗಿಬಿಟ್ಟಿತು. "ಮೊಸರಿಗೆ ಹೆಪ್ಪು ಹಾಕಿದ ಪಾತ್ರೇನ ಯಾರಾದ್ರೂ ಅಲ್ಲಾಡಿಸ್ತಾರೇನ್ರೀ? ಅಷ್ಟೇ ಅಲ್ವಾ ಡಾಕ್ಟ್ರೇ?" ಅಷ್ಟೇ. ಅವತ್ತಿನಿಂದ ಮನೆಯಲ್ಲಿ ನನ್ನ ಬಾಯಿಗೆ ಮೊಸರಿನ ಕುಡಿಕೆಯ ಮರ್ಯಾದೆ. ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿಸಿದರು. ಹೊರಗಿನಿಂದ ಐಸು, ಕಾಲು ಗಂಟೆ ಇಡು, ಕಾಲು ಗಂಟೆ ತೆಗೆ. ನಲ್ಲಿಯ ಮುಂದೆ ನಿಂತು ಕ್ಯಾಕರಿಸಿ ಉಗಿಯದೆ ಬೆಳಗು ಮಾಡಿದವನಲ್ಲ ನಾನು, ಒಂದು ದಿನ ಪೂರ್ತಿ ಸ್ವಂತ ಉಗುಳನ್ನು ನುಂಗಿಕೊಂಡಿದ್ದೆ. ಆರೋಗ್ಯವಾಗಿರುವ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಸುರಿಯುತ್ತದಂತೆ. ಅಷ್ಟೂ ಒಳಕ್ಕೆ.

ಕಾಫಿ? ಆರಿದ್ದು. ಮೈಸೂರಿನಲ್ಲಿ ಹುಟ್ಟಿ ಆರಿದ ಕಾಫಿ ಕುಡಿಯುವುದಕ್ಕಿಂತ ಇನ್ನೊಂದು ಬುದ್ಧಿಹಲ್ಲು ಕೀಳಿಸಿಕೊಳ್ಳುವುದು ಮೇಲು.

ಇದೆಲ್ಲ ತಡೆದುಕೊಂಡೆ. ತಡೆಯಲಾಗದೆ ಹೋದದ್ದು ನೋಡಲು ಬಂದವರನ್ನು.

ನಮ್ಮಲ್ಲಿ ಕಾಲು ಮುರಿದವನನ್ನು ನೋಡಲು ಹೋದವರು ಅವನನ್ನು ನಡೆಸುವುದಿಲ್ಲ. ಕಣ್ಣಿನ ಆಪರೇಷನ್ ಆದವನ ಕೈಗೆ ಪೇಪರು ಕೊಟ್ಟು ಓದು ಅನ್ನುವುದಿಲ್ಲ. ಬಾಯಿಯ ಆಪರೇಷನ್ ಆದವನ ಹತ್ತಿರ ಮಾತ್ರ ಹತ್ತು ಜನ ಬಂದು ಕೂತು, "ಏನಾಯ್ತು, ಮೊದಲಿಂದ ಹೇಳಿ" ಅನ್ನುತ್ತಾರೆ. ತಲೆ ಆಡಿಸಿ ಹೌದು ಅಲ್ಲ ಅನ್ನಬಹುದಾದ ಪ್ರಶ್ನೆ ಒಬ್ಬರಾದರೂ ಕೇಳುತ್ತಾರಾ ಅಂತ ಕಾದೆ. ಇಲ್ಲ. "ಯಾಕೆ ಕೀಳಿಸಿದ್ರಿ? ಹೇಗೆ ಕಿತ್ರು? ಯಾವ ಡಾಕ್ಟರು? ಎಷ್ಟು ತಗೊಂಡ್ರು?" ಎಲ್ಲವೂ ಪ್ರಬಂಧ ಬರೆಯುವ ಪ್ರಶ್ನೆಗಳೇ. ನಾನು ಕೈ ತಿರುಗಿಸಿ ಹೆಂಡತಿಯ ಕಡೆ ತೋರಿಸಿದರೆ, "ಅವರನ್ನ ಆಮೇಲೆ ಕೇಳ್ತೀವಿ, ನಿಮ್ಮ ಬಾಯಲ್ಲೇ ಕೇಳ್ಬೇಕು" ಅನ್ನುವವರು.

ಪಕ್ಕದ ಮನೆಯ ರಾಯರು ಆಟೋ ಇಳಿಯುವಾಗಲೇ ನನ್ನನ್ನು ಕಂಡಿದ್ದರು. ಬಾಯಿ ಒಂದು ಕಡೆ ಜೋತಿದೆ, ತುಟಿಯ ಅಂಚಲ್ಲಿ ಜೊಲ್ಲು, "ನಮಸ್ಕಾರ" ಅಂದರೆ "ಹಹ್ಕಾಹ" ಅನ್ನುವ ಉತ್ತರ. ಅವರು ವಾಕಿಂಗಿನ ಗೆಳೆಯರಿಗೆ ಹೇಳಿದರು, ಗೆಳೆಯರು ಪಾರ್ಕಿಗೆ ಹೇಳಿದರು. ಸಂಜೆ ಹಾಲಿನ ಅಂಗಡಿಗೆ ಹೋದ ಮಗಳಿಗೆ ಅಂಗಡಿಯಾತ, "ನಿಮ್ಮಪ್ಪನಿಗೆ ಲಕ್ವ ಹೊಡೀತಂತೆ, ಬಲಗೈ ಎತ್ತುತ್ತಾರಾ?" ಅಂತ ಕೇಳಿದನಂತೆ. ನಾನು ಮಾತು ನಿಲ್ಲಿಸಿದ ಅರ್ಧ ದಿನಕ್ಕೆ ಬೀದಿ ನನ್ನ ಪರವಾಗಿ ಇಷ್ಟು ಮಾತಾಡಿತ್ತು. ಬಲಗೈಯನ್ನು ಎತ್ತಿ ತೋರಿಸಲು ಮೂರು ಸಲ ಗೇಟಿನ ತನಕ ಹೋಗಿ ಬಂದೆ.

ಸಲಹೆಗಳಂತೂ ಬಿಟ್ಟಿ. ಒಬ್ಬರು ಲವಂಗ ಜಗಿಯಿರಿ ಅಂದರು. ಒಬ್ಬರು ಎಣ್ಣೆ ಮುಕ್ಕಳಿಸಿ ಅಂದರು. ಮೈಸೂರು ವೀಳ್ಯದೆಲೆಗೆ ಚೂರು ಸುಣ್ಣ ಹಚ್ಚಿ ಗುಳಿಗೆ ಒತ್ತಿ ಅಂದವರು ಒಬ್ಬರು. ಕಡ್ಡಿಪುಡಿ ಒತ್ತಿಕೊಂಡರೆ ನೋವು ಮಂಗಮಾಯ ಅಂತ ಕಿವಿಯಲ್ಲಿ ಹೇಳಿದವರೂ ಇದ್ದಾರೆ, ಅವರ ಸ್ವಂತ ಹಲ್ಲುಗಳಲ್ಲಿ ಈಗ ಎಷ್ಟು ಉಳಿದಿವೆ ಅಂತ ನಾನು ಎಣಿಸಿದ್ದೇನೆ. ಡಾಕ್ಟರು ಬೇಡ ಅಂದ ಪಟ್ಟಿಯನ್ನೇ ಇವರೆಲ್ಲ ಬೇಕು ಅಂತ ಬದಲಾಯಿಸಿ ಓದಿದ ಹಾಗಿತ್ತು.

ಇವರೆಲ್ಲರಿಗಿಂತ ದೊಡ್ಡ ಅತಿಥಿ ನನ್ನ ಷಡ್ಡಕ. ಆತ ಕರೆಂಟ್ ಆಫೀಸಿನವನು, ಎರಡು ವರ್ಷದ ಹಿಂದೆ ಆತನೂ ಇದೇ ಹಲ್ಲು ಕೀಳಿಸಿದ್ದ. ಕೀಳಿಸಿದ ದಿನ ಸಂಜೆಯೇ ಸ್ಟ್ರಾ ಹಾಕಿ ಎಳನೀರು ಹೀರಿದ, ರಾತ್ರಿ ಮಹಡಿಗೆ ಹೋಗಿ ಒಂದು ಸಿಗರೇಟೂ ಎಳೆದ. ಮೂರನೇ ದಿನ ಹೆಪ್ಪು ಮಾಯ, ಗುಳಿಯಲ್ಲಿ ಮೂಳೆ ಬರಿದು, ಕಿವಿಯವರೆಗೆ ಏರುವ ನೋವು, ಬಾಯಿ ತುಂಬ ಕೆಟ್ಟ ವಾಸನೆ. ಅದಕ್ಕೆ ಡ್ರೈ ಸಾಕೆಟ್ ಅಂತ ಹೆಸರು. "ನೋಡು ಭಾವ," ಅಂತ ಆತ ನನ್ನ ಮಂಚದ ಮೇಲೆ ಕಾಲು ಮಡಿಸಿ ಕೂತ, "ಮೂವತ್ತು ವರ್ಷದಿಂದ ನಾನು ಸಾಕೆಟ್ ನೋಡ್ತಿದೀನಿ. ಸಾಕೆಟ್ ಅಂದ್ಮೇಲೆ ಡ್ರೈ ಆಗೇ ಇರ್ಬೇಕು, ಒದ್ದೆ ಆದ್ರೆ ಶಾಕ್ ಹೊಡಿಯುತ್ತೆ. ಬಾಯಲ್ಲಿ ಮಾತ್ರ ಉಲ್ಟಾ. ಡ್ರೈ ಆಯ್ತೋ, ಶಾಕು." ಆಮೇಲೆ ಗುಳಿ ತೊಳೆದು ಲವಂಗದೆಣ್ಣೆಯ ಮದ್ದು ತುಂಬಿ ಡ್ರೆಸಿಂಗ್ ಇಟ್ಟರಂತೆ, ನೋವು ಇಳಿಯಿತಂತೆ. ಹಲ್ಲಿನ ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆಯುವ ಆ ವಾಸನೆ ಇದೆಯಲ್ಲ, ಅದು ಬಹುಪಾಲು ಈ ಲವಂಗದ ಸತ್ವದ್ದೇ. ಅಲ್ಲಿಗೆ ಲವಂಗ ಅಂದವರು ಪೂರ್ತಿ ಸುಳ್ಳು ಹೇಳಿರಲಿಲ್ಲ. ಆದರೆ ಅದನ್ನು ಇಡಬೇಕಾದದ್ದು ಡಾಕ್ಟರು. ಷಡ್ಡಕ ಈ ಕಥೆಯನ್ನು ಮುಗಿಸಲು 40 ನಿಮಿಷ, ಒಂದು ಪೂರಾ ಪೀರಿಯಡ್ಡು, ತೆಗೆದುಕೊಂಡ. ನಡುವೆ ಒಂದು ಮಾತು ಆಡಲಾಗದೆ ಕೂತಿದ್ದಾಗ, ನನ್ನ ಹುಡುಗರು ದಿನಾ ಹೇಗೆ ಕೂತಿರುತ್ತಾರೆ ಅನ್ನುವುದು ಗೊತ್ತಾಯಿತು. ಆದರೂ ಆ ಕಥೆಯಿಂದ ಹೆದರಿ ನಾನು ಆ ದಿನವೆಲ್ಲ ಬಾಯಿ ಬಿಚ್ಚಲಿಲ್ಲ.

ಸರಿಯಾಗಿ ನಡೆದುಕೊಂಡವರು ಒಬ್ಬರೇ, ಎದುರುಮನೆಯ ಅಜ್ಜಿ. ಅವರ ಬಾಯಲ್ಲಿ ಹಲ್ಲು ಅನ್ನುವ ಪದಾರ್ಥ ಇಲ್ಲದೆ ಹದಿನೈದು ವರ್ಷವಾಯಿತು. ಬಂದರು, ನನ್ನ ಕೆನ್ನೆ ನೋಡಿದರು, ಒಂದು ಪಾತ್ರೆ ರಾಗಿ ಅಂಬಲಿ ಇಟ್ಟರು. "ಒಗ್ಗರಣೆ ಹಾಕಿಲ್ಲ ಕಣಮ್ಮ, ಸಾಸಿವೆ ಹೋಗಿ ಗುಳೀಲಿ ಕೂತ್ಕೊಳ್ಳುತ್ತೆ. ಮಜ್ಜಿಗೆ ಬೆರೆಸಿದೀನಿ, ಆರಿದೆ" ಅಂತ ನನ್ನ ಹೆಂಡತಿಗೆ ಹೇಳಿದರು, ಹೋದರು. ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಲಿಲ್ಲ. ಮರುದಿನ ಡಾಕ್ಟರಿಗೆ ಫೋನಿನಲ್ಲಿ ನನ್ನ ಹೆಂಡತಿ ಇದನ್ನು ಹೇಳಿದಾಗ, "ಸಾಸಿವೆ, ಎಳ್ಳು, ಗಸಗಸೆ ಇಂಥ ಸಣ್ಣ ಕಾಳು ಒಂದು ವಾರ ಬೇಡ ಅಂತ ನಾನೇ ಹೇಳೋದು ಮರೆತಿದ್ದೆ" ಅಂದಳಂತೆ ಆಕೆ. ಎರಡನೇ ದಿನದಿಂದ ಮುದ್ದೆಗೂ ಪರವಾನಗಿ ಸಿಕ್ಕಿತು, ಬಿಸಿ ಇಳಿಸಿ. ಜಗಿಯದೆ ನುಂಗುವುದನ್ನು ನಮ್ಮ ಸೀಮೆಯವರಿಗೆ ಯಾವ ಹಲ್ಲಿನ ಡಾಕ್ಟರೂ ಕಲಿಸಬೇಕಾಗಿಲ್ಲ.

ಆ ಎರಡನೇ ದಿನವೇ ಮಗಳು ಅಟ್ಟದಿಂದ ತನ್ನ ಹಳೆಯ ಸ್ಲೇಟು ಹುಡುಕಿ ತಂದಳು. "ಅಪ್ಪಾ, ಏನ್ ಬೇಕೋ ಬರೀರಿ." ಬರೆದು ಸಂಸಾರ ಮಾಡುವುದು ಸುಲಭ ಅಂದುಕೊಂಡಿದ್ದೆ. ಮೊದಲ ತೊಂದರೆ, ಜಗಳ ಸಾಗುವುದಿಲ್ಲ. ಹೆಂಡತಿ ಒಂದು ಮಾತು ಅನ್ನುತ್ತಾಳೆ. ನಾನು ಬಳಪ ಹುಡುಕಿ, ಸ್ಲೇಟು ಒರೆಸಿ, ತಲಕಟ್ಟು ಕೊಂಬು ಒತ್ತಕ್ಷರ ಎಲ್ಲ ನೆಟ್ಟಗೆ ಇಟ್ಟು ಉತ್ತರ ಸಿದ್ಧ ಮಾಡುವಷ್ಟರಲ್ಲಿ ಅವಳು ಅಡುಗೆಮನೆ ಸೇರಿ ಕುಕ್ಕರು ಕೂಗಿರುತ್ತದೆ. ಸ್ಲೇಟಿಗೆ ಏರುದನಿ ಇಲ್ಲ. ದೊಡ್ಡಕ್ಷರದಲ್ಲಿ ಬರೆದರೆ ಜಾಗ ಸಾಲದು. ಎರಡನೇ ತೊಂದರೆ, ಬರೆದದ್ದು ಸಾಕ್ಷಿಯಾಗಿ ಉಳಿಯುತ್ತದೆ. "ನಿಮ್ಮ ಅಕ್ಕ ಬಂದರೆ ನಾನು ಮಲಗಿದ್ದೇನೆ ಅನ್ನು" ಅಂತ ಬರೆದ ಸ್ಲೇಟನ್ನು ಒರೆಸದೆ ಸೋಫಾದ ಮೇಲೆ ಬಿಟ್ಟಿದ್ದೆ. ಅದನ್ನು ಮೊದಲು ಓದಿದವರು ಅವಳ ಅಕ್ಕನೇ.

ಹಬ್ಬ ಬಂದದ್ದು 14ಕ್ಕೆ. ಆಪರೇಷನ್ ಆದ ಎರಡು, ಮೂರನೇ ದಿನಕ್ಕೆ ಬಾವು ತುತ್ತತುದಿಗೆ ಏರುತ್ತದೆ, ಆಮೇಲೆ ಇಳಿಯುತ್ತದೆ ಅಂತ ಡಾಕ್ಟರು ಹೇಳಿಯೇ ಇದ್ದಳು. ನನ್ನ ಕೆನ್ನೆ ಪಂಚಾಂಗ ನೋಡಿ ಉಬ್ಬಿದ ಹಾಗೆ ಸರಿಯಾಗಿ ಸಂಕ್ರಾಂತಿಗೇ ಉಬ್ಬಿತು. ಸಂಜೆ ಬೀದಿಯ ಹೆಣ್ಣುಮಕ್ಕಳು ರೇಷ್ಮೆ ಲಂಗ ಉಟ್ಟು ಎಳ್ಳು ಬೀರಲು ಬಂದರು. ತಟ್ಟೆಯಲ್ಲಿ ಎಳ್ಳು, ಬೆಲ್ಲದ ಚೂರು, ಕೊಬ್ಬರಿ ಚೂರು, ಹುರಿಗಡಲೆ, ಕಡಲೆಬೀಜ, ಪಕ್ಕದಲ್ಲಿ ಕಬ್ಬಿನ ಜಲ್ಲೆ. ಒಂದೇ ತಟ್ಟೆಯಲ್ಲಿ ನನಗೆ ನಿಷೇಧಿಸಿದ ಪದಾರ್ಥಗಳನ್ನೆಲ್ಲ ಇಷ್ಟು ಅಚ್ಚುಕಟ್ಟಾಗಿ ಜೋಡಿಸಿಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆ ಮಾಡಿದವನು ಮೂರನೆಯ ವರ್ಗವೊಂದನ್ನು ಮರೆತಿದ್ದಾನೆ. ಹಲ್ಲೂ 31 ಇದೆ, ಕಡಲೆಯೂ ಎದುರಿಗಿದೆ, ಬಾಯಿ ತೆಗೆಯಲು ಅಪ್ಪಣೆ ಇಲ್ಲ. ಆರು ವರ್ಷದ ಒಂದು ಮಗು ನನ್ನನ್ನೇ ನೋಡುತ್ತ ನಿಂತಿತು. "ತಾತ, ನಿಮ್ ಬಾಯಲ್ಲಿರೋದನ್ನ ನುಂಗಿ, ಆಮೇಲೆ ಇದನ್ನ ತಿನ್ನಿ" ಅಂದಿತು. 51ಕ್ಕೆ ತಾತ ಅಂದದ್ದನ್ನು ನಾನು ಹಬ್ಬದ ದಿನ ಅಂತ ಕ್ಷಮಿಸಿದೆ.

ಉಪ್ಪುನೀರಿನ ವಿಷಯಕ್ಕೆ ಬರುತ್ತೇನೆ, ಅದರಲ್ಲಿ ನಾನು ಪರಿಣತ. ಒಂದು ಲೋಟ ಉಗುರುಬೆಚ್ಚನೆ ನೀರು, ಅರ್ಧ ಚಮಚ ಉಪ್ಪು. ಮೊದಲ 24 ಗಂಟೆ ಕಳೆದ ಮೇಲೆ, ದಿನಕ್ಕೆ ಐದಾರು ಸಲ, ತಿಂದ ಮೇಲೆ ತಪ್ಪದೆ. ನಾವು ಬಾಲ್ಯದಿಂದ ಕಲಿತ ಹಾಗೆ ಗಳಗಳ ಸದ್ದು ಮಾಡಿ ರಪ್ ಅಂತ ಉಗಿಯುವಂತಿಲ್ಲ. ಬಾಯಿಗೆ ನೀರು ತೆಗೆದುಕೊಂಡು, ತಲೆಯನ್ನು ಆ ಕಡೆ ಒಂದಿಷ್ಟು ವಾಲಿಸಿ, ಈ ಕಡೆ ಒಂದಿಷ್ಟು ವಾಲಿಸಿ, ಬಗ್ಗಿ ಬಾಯಿ ಬಿಟ್ಟರೆ ನೀರು ತಾನೇ ಸುರಿದು ಹೋಗಬೇಕು. ಕನ್ನಡಿಯಲ್ಲಿ ನೋಡಿಕೊಂಡರೆ ಭರತನಾಟ್ಯದ ಮೊದಲನೇ ಪಾಠ. ಬ್ರಷ್ಷನ್ನೂ ಬಿಡುವಂತಿಲ್ಲ, ಮಾರನೇ ದಿನದಿಂದಲೇ ಮೆತ್ತನೆಯದರಲ್ಲಿ ಉಳಿದ ಹಲ್ಲು ಉಜ್ಜಬೇಕು, ಹೊಲಿಗೆಯ ಹತ್ತಿರ ಮಾತ್ರ ಸುಳಿಯಬಾರದು. ನೋವಿದೆ ಅಂತ ಬಾಯಿಯನ್ನು ಹಾಗೇ ಬಿಟ್ಟವರ ಗುಳಿಯೇ ಮೊದಲು ಕೆಡುವುದು ಅಂತ ಡಾಕ್ಟರು ಹೆದರಿಸಿದ್ದಳು. ಇದರ ಜೊತೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಔಷಧದ ನೀರು, ಬೆಳಿಗ್ಗೆ ರಾತ್ರಿ. ಪೇಸ್ಟು ಹಾಕಿ ಉಜ್ಜಿದ ಕೂಡಲೇ ಅದನ್ನು ಹಾಕಿಕೊಂಡರೆ ಕೆಲಸ ಮಾಡುವುದಿಲ್ಲ, ಅರ್ಧ ಗಂಟೆ ಬಿಡಬೇಕು. ವಾರಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ಕಾಫಿ ಚಟದವರಿಗೆ ಇನ್ನೂ ಬೇಗ. ಅದಕ್ಕಿರುವ ಇನ್ನೊಂದು ಗುಣ ನನ್ನ ಸಂಸಾರಕ್ಕೆ ಸಂಬಂಧಪಟ್ಟದ್ದು. ಅದು ನಾಲಿಗೆಗೆ ಉಪ್ಪಿನ ರುಚಿ ತಿಳಿಯದ ಹಾಗೆ ಮಾಡುತ್ತದೆ. ನಾಲ್ಕನೇ ದಿನ ಹೆಂಡತಿ ತಿಳಿಸಾರು ಕಲಸಿದ ಮೆತ್ತನೆ ಅನ್ನ ಕೊಟ್ಟು, "ಉಪ್ಪು ಸರೀಗಿದೆಯಾ?" ಅಂತ ಕೇಳಿದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಅಭಿಪ್ರಾಯ ಇರಲಿಲ್ಲ. ಸ್ಲೇಟಿನ ಮೇಲೆ 'ಸರಿಯಾಗಿದೆ' ಅಂತ ಬರೆದೆ. ಆ ಸ್ಲೇಟನ್ನು ಅವಳು ಫೋಟೋ ತೆಗೆದಿಟ್ಟುಕೊಂಡಿದ್ದಾಳೆ.

ಮಾತಿಲ್ಲದ ಹೊತ್ತಿನಲ್ಲಿ ಓದಿದ್ದರಲ್ಲಿ ಒಂದನ್ನು ಹೇಳದೆ ಇರಲಾರೆ. ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡನ ಬಾಯಲ್ಲಿ ಮೇಲಂಗುಳದ ಹತ್ತಿರ ಗಡ್ಡೆಯೊಂದು ಕಂಡಿತು. ದೇಶದಲ್ಲಿ ಹಣಕಾಸಿನ ಗಾಬರಿ. ಅಧ್ಯಕ್ಷನ ಬಾಯಿಗೆ ಕತ್ತರಿ ಬಿತ್ತು ಅಂತ ಗೊತ್ತಾದರೆ ಗಾಬರಿ ಇನ್ನಷ್ಟು ಹೆಚ್ಚೀತು. ಅದಕ್ಕೆ 1893ರ ಜುಲೈ 1ರಂದು ಗುಟ್ಟಾಗಿ ಅವನನ್ನು ಒನೀಡಾ ಎಂಬ ವಿಹಾರ ನೌಕೆ ಹತ್ತಿಸಿ, ನೀರಿನ ಮೇಲೆ ತೇಲುತ್ತಲೇ ಎಡ ಮೇಲ್ದವಡೆಯ ದೊಡ್ಡ ಭಾಗವನ್ನು ಬಾಯಿಯ ಒಳಗಿನಿಂದಲೇ ಕತ್ತರಿಸಿ ತೆಗೆದರು. ಹೊರಗೆ ಒಂದು ಗೀರಿಲ್ಲ, ಪೊದೆಮೀಸೆ ಹಾಗೇ ಇತ್ತು. ಆದರೆ ಮಾತು? ಅಂಗುಳದಲ್ಲಿ ತೂತು ಬಿದ್ದರೆ ಯಾರ ಮಾತೂ ತಿಳಿಯುವುದಿಲ್ಲ. ರಬ್ಬರಿನ ತಟ್ಟೆಯೊಂದನ್ನು ಅಳತೆಗೆ ಮಾಡಿಸಿ ತೂತಿಗೆ ಕೂರಿಸಿದ ಮೇಲೆ ಅವನ ಮಾತು ಮೊದಲಿನಂತಾಯಿತು. ಆಗಸ್ಟಿನಲ್ಲಿ ಪತ್ರಕರ್ತನೊಬ್ಬ ನಿಜ ಬರೆದ. ಬರೀ ಹಲ್ಲುನೋವು ಅಂತ ಎಲ್ಲರೂ ಅವನನ್ನೇ ಸುಳ್ಳುಗಾರ ಅಂದರು. ಆಪರೇಷನ್ನಿನಲ್ಲಿದ್ದ ಡಾಕ್ಟರು ಕೀನ್ ಬಾಯಿಬಿಟ್ಟದ್ದು 1917ರಲ್ಲಿ, ಆ ಹೊತ್ತಿಗೆ ಅಧ್ಯಕ್ಷ ಸತ್ತು ಒಂಬತ್ತು ವರ್ಷ. ನೋಡಿ, ಅಲ್ಲಿ ದವಡೆಯನ್ನೇ ತೆಗೆದರೂ ದೇಶವೆಲ್ಲ ಹಲ್ಲುನೋವು ಅಂತ ನಂಬಿತು. ಇಲ್ಲಿ ನಾನು ನಿಜವಾಗಿ ಹಲ್ಲನ್ನೇ ಕೀಳಿಸಿದರೂ ಬೀದಿ ಲಕ್ವ ಅಂತ ನಂಬಿತು. ಅವನ ಕೈಯಲ್ಲಿ ನೌಕೆ ಇತ್ತು, ನನ್ನದು ಆಟೋ.

19ಕ್ಕೆ ಹೊಲಿಗೆ ಬಿಚ್ಚಿದರು. ಡಾಕ್ಟರು ನನ್ನ ಮೂರು ಬೆರಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ, ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ ಅಂದಳು. ಸರಿಯಿರುವ ಬಾಯಿ ಅಷ್ಟು ತೆರೆಯಬೇಕಂತೆ. ನನಗೆ ಎರಡೇ ಹೋದವು. ದವಡೆಯ ಸ್ನಾಯು ಬಿಗಿದಿತ್ತು.

"ಇನ್ನು ಮೇಲೆ ಬಾಯಿ ಬಿಡ್ಬೇಕು ಸಾರ್. ದಿನಕ್ಕೆ ನಾಲ್ಕೈದು ಸಲ, ನಿಧಾನವಾಗಿ ತೆರೆದು ಮುಚ್ಚಿ ಅಭ್ಯಾಸ ಮಾಡಿ. ಧಾರಾಳವಾಗಿ ಮಾತಾಡಿ, ಒಳ್ಳೇದೇ."

"ಚೀಟೀಲಿ ಬರೆದುಕೊಡಮ್ಮ" ಅಂದೆ. ಏಳು ದಿನದ ಮೇಲೆ ಪ, ಬ, ಮ ಎಲ್ಲ ಇಟ್ಟುಕೊಂಡು ಆಡಿದ ಮೊದಲ ಪೂರ್ಣ ವಾಕ್ಯ ಅಂತ ಇದನ್ನು ಹೇಳಿಕೊಳ್ಳಬೇಕು ಅಂತ ಆಸೆ. ಆದರೆ ಅದರಲ್ಲಿ ಪ ಇಲ್ಲ. ಅದೂ ಅಲ್ಲದೆ ಅದು ಮೊದಲನೆಯದೂ ಅಲ್ಲ. ಮನೆಯಲ್ಲಿ ಫ್ರಿಜ್ಜಿನ ಮೇಲೆ ಮಗಳು ನಿಲ್ಲಿಸಿದ ಸ್ಲೇಟು ಇನ್ನೂ ಇದೆ. 'ಮಾತಾಡಿದವರು: 1. ಅಪ್ಪ.' ಮುಂದೆ ಇಂಟು ಮಾರ್ಕುಗಳು 23.

ಎಡಗಡೆಯೂ ಇಂಥದ್ದೇ ಎಮ್ಮೆಯೊಂದು ಮಲಗಿದೆ. ಬೇಸಿಗೆ ರಜೆಯಲ್ಲಿ ಅದನ್ನೂ ಎಬ್ಬಿಸುವುದು ಅಂತ ಗೊತ್ತಾಗಿದೆ. ಆಗ ನೋಡಲು ಬರುವವರು ದಯವಿಟ್ಟು ಬನ್ನಿ. ಬರುವಾಗ ಚೆನ್ನಾಗಿ ಕಳಿತ ನಂಜನಗೂಡು ರಸಬಾಳೆ ಸಿಕ್ಕರೆ ತನ್ನಿ. ಏನಾಯ್ತು ಅಂತ ಕೇಳಬೇಕು ಅನ್ನಿಸಿದರೆ ನನ್ನ ಹೆಂಡತಿಯನ್ನು ಕೇಳಿ. ನನಗಿಂತ ಚೆನ್ನಾಗಿ ಹೇಳುತ್ತಾಳೆ, ಹಹ್ಹಾಯಿಯಿಂದ ಶುರುಮಾಡಿ.